ಸೂಲಗಿತ್ತಿಯ ಇಪ್ಪತ್ಮೂರನೇ ಹಾಳೆ

"ಹಾಳೆ ಕದ್ದವರು ಯಾರು ಅಂತ ನೀವೇ ಕಂಡುಹಿಡೀಬೇಕು, ಅಕ್ಕಾ. ಇಲ್ಲಾಂದ್ರೆ ನಾಳೆ ಆ ಹುಡುಗೀನ ಪರೀಕ್ಷೆಗೆ ಕೂರಿಸಲ್ಲ," ಎಂದರು ಇತಿಹಾಸದ ಮೇಷ್ಟರು, ಗ್ರಂಥಾಲಯದ ಬಾಗಿಲಲ್ಲೇ ನಿಂತು.

ಅಕ್ಕ ಎಂದರೆ ಕಾಲೇಜಿನ ಗ್ರಂಥಪಾಲಕಿ. ಕಳೆದ ಪುಸ್ತಕದಿಂದ ಹಿಡಿದು ಹೋದ ಮಾನದವರೆಗೆ ಏನನ್ನಾದರೂ ಹುಡುಕಿಕೊಡುತ್ತಾರೆಂದು ಎಲ್ಲರೂ ಅವರನ್ನು ಪತ್ತೆಯಕ್ಕ ಎನ್ನುತ್ತಿದ್ದರು. ಹಿಂದಿನ ಮೂರು ಪ್ರಕರಣಗಳಲ್ಲೂ ಮೇಷ್ಟರೇ ಅವರ ಬಲಗೈ. ಈ ಸಲ ಆ ಬಲಗೈಯೇ ಸಹಾಯ ಕೇಳಿ ಬಂದಿತ್ತು.

ಸಂಗತಿ ಇಷ್ಟು. ನೂರು ವರ್ಷದ ಹಿಂದಿನ ಸೂಲಗಿತ್ತಿಯೊಬ್ಬಳ ದಿನಚರಿ ಬಿಡಿ ಹಾಳೆಗಳಲ್ಲಿ ಇತಿಹಾಸ ವಿಭಾಗದ ಪೆಟ್ಟಿಗೆಯಲ್ಲಿತ್ತು. ಅದರ ಜೆರಾಕ್ಸ್ ಪ್ರತಿ ಹಂಚಿ ಮೇಷ್ಟರು ಎರಡನೇ ವರ್ಷದ ಬಿಎ ಮಕ್ಕಳಿಗೆ ಹಳೆಯ ಬರಹ ಓದುವುದನ್ನು ಕಲಿಸುತ್ತಿದ್ದರು. ಬರೆದದ್ದನ್ನಷ್ಟೇ ಅಲ್ಲ, ಬರೆಯದೆ ಬಿಟ್ಟದ್ದನ್ನೂ ಓದಿ ಎಂಬುದು ಅವರ ಮಂತ್ರ. ಮಕ್ಕಳು ಮೊಬೈಲಿನಲ್ಲಿ ಸಿಕ್ಕಿದ್ದನ್ನು ಬರೆದು ತರುತ್ತಿದ್ದರು. ಹೋದ ವಾರ ಮಾತ್ರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸೂಲಗಿತ್ತಿಯ ಮಗಳೂ ಮಗುವೂ ಹೆರಿಗೆಯಲ್ಲಿ ತೀರಿಹೋದರು" ಎಂದು ಬರೆದಿದ್ದಳು. ಪ್ರತಿಯಲ್ಲಿ ಆ ಮಾತೇ ಇರಲಿಲ್ಲ. ಮೇಷ್ಟರು ಪೆಟ್ಟಿಗೆ ತೆರೆದು ನೋಡಿದರೆ ಇಪ್ಪತ್ಮೂರನೇ ಹಾಳೆ ಮಾಯ. ಹಿಂದುಮುಂದು ನೋಡದೆ, ಅರವತ್ತು ಮಕ್ಕಳ ಎದುರು ಅವಳನ್ನು ಕಳ್ಳಿ ಎಂದರು, ಪ್ರಾಂಶುಪಾಲರಿಗೆ ದೂರನ್ನೂ ಬರೆದುಕೊಟ್ಟರು.

"ದೂರು ಕೊಟ್ಟವರಿಗೇ ಈಗ ಯಾಕೆ ಅನುಮಾನ?" ಎಂದರು ಅಕ್ಕ.

"ಅವಳ ಮುಖ ನೋಡಿದೆ. ಪಾಪ ಸುತ್ಕೊಳ್ಳುತ್ತೆ ಅನ್ನಿಸ್ತು."

ಅಕ್ಕ ಹುಡುಗಿಯನ್ನು ಕರೆಸಿದರು. ಅವಳ ಕಣ್ಣು ಊದಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು.

"ನಾನು ಪೆಟ್ಟಿಗೆ ಮುಟ್ಟೇ ಇಲ್ಲ, ಮೇಡಂ. ಆ ಸೂಲಗಿತ್ತಿ ಯಾರ ಮನೇಲಿ ಹೆರಿಗೆ ಆಯ್ತು ಅಂತ ದಿನಾ ಬರೀತಾಳೆ. ಮಧ್ಯೆ ಮಧ್ಯೆ ಮಗಳಿಗೆ ಏಳನೇ ತಿಂಗಳು, ಮಗಳಿಗೆ ಅಂತ ತೊಟ್ಟಿಲು ತಂದೆ ಅಂತಾಳೆ. ಆಮೇಲೆ ಹನ್ನೊಂದು ದಿನ ಏನೂ ಇಲ್ಲ. ಮತ್ತೆ ಶುರು ಮಾಡಿದಾಗ ಮಗಳ ಸುದ್ದೀನೇ ಎತ್ತಲ್ಲ, ತೊಟ್ಟಿಲನ್ನ ಇನ್ಯಾರಿಗೋ ಕೊಟ್ಟುಬಿಡ್ತಾಳೆ. ಇನ್ನೇನಾಗಿರುತ್ತೆ?"

ಮೇಷ್ಟರು ತಲೆ ತಗ್ಗಿಸಿದರು. ಅಕ್ಕ ಮೂಲ ಹಾಳೆಗಳನ್ನೂ ಜೆರಾಕ್ಸ್ ಪ್ರತಿಯನ್ನೂ ಮೇಜಿನ ಮೇಲೆ ಹರಡಿಕೊಂಡರು. ಮೂಲದ ಒಂದೊಂದು ಹಾಳೆಯ ಮೂಲೆಯಲ್ಲೂ, ಮೇಷ್ಟರು ಕಾಲೇಜಿಗೆ ಬರುವ ಮೊದಲೇ ಅಕ್ಕ ಪೆನ್ಸಿಲ್ಲಿನಲ್ಲಿ ಬರೆದಿದ್ದ ಸಂಖ್ಯೆಯಿತ್ತು. ಜೆರಾಕ್ಸಿನಲ್ಲಿ ಒಂದು ಸಂಖ್ಯೆಯೂ ಬಿದ್ದಿರಲಿಲ್ಲ.

"ಇದನ್ನ ಯಾವಾಗ ಮಾಡಿಸಿದ್ದು?"

"ನಾಲ್ಕು ವರ್ಷ ಆಯ್ತು, ನಾನು ಹೊಸದಾಗಿ ಬಂದಾಗ," ಎಂದರು ಮೇಷ್ಟರು.

ಮರುದಿನ ಪರೀಕ್ಷೆಗೆ ಒಂದು ಗಂಟೆ ಇರುವಾಗ ಪ್ರಾಂಶುಪಾಲರು, ಹುಡುಗಿ, ಮೇಷ್ಟರು ಗ್ರಂಥಾಲಯದಲ್ಲಿ ಸೇರಿದರು.

"ಜೆರಾಕ್ಸ್ ಮಾಡೋವಾಗ ಮೂಲೆಗೆ ಬಿಳಿ ಕಾಗದ ಇಟ್ಟು ಸಂಖ್ಯೆ ಮರೆಮಾಡಿದಾರೆ," ಎಂದರು ಅಕ್ಕ. "ಇಪ್ಪತ್ತೆರಡಾದ ಮೇಲೆ ಇಪ್ಪತ್ನಾಲ್ಕು ಅಂತ ಓದೋರಿಗೆ ಗೊತ್ತಾಗಬಾರದು, ಅದಕ್ಕೆ. ಅಂದ್ರೆ ಹಾಳೆ ಹೊರಗೆ ಬಂದು ನಾಲ್ಕು ವರ್ಷ ಆಗಿದೆ. ಆಗ ಈ ಮಗು ಇನ್ನೂ ಸ್ಕೂಲಲ್ಲಿತ್ತು."

"ಹಾಗಾದ್ರೆ ತೆಗೆದವರು ಯಾರು?" ಎಂದರು ಪ್ರಾಂಶುಪಾಲರು.

"ಹಾಳೆ ಹೋಗಿದೆ, ಅದರ ಪ್ರತಿಯೂ ಇಲ್ಲ. ಹಾಗಿದ್ದೂ ಈ ಮಗು ಬರೆದಿದ್ದು ನಿಜ ಅಂತ ಒಬ್ಬರಿಗೆ ಗೊತ್ತಿತ್ತು, ಅದಕ್ಕೇ ಹಾಳೆ ಕದ್ದು ಓದಿದಾಳೆ ಅಂದ್ರು. ಓದದೆ ಹೇಗೆ ಗೊತ್ತಾಗುತ್ತೆ, ಮೇಷ್ಟ್ರೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಷ್ಟರ ಕೈ ತಾನಾಗಿ ಚೀಲದ ಮೇಲೆ ಹೋಯಿತು. ಒಳಗಿನಿಂದ ಒಂದು ಲಕೋಟೆ ಹೊರಬಂತು. ಅದರ ಮೇಲೆ ಅವರದೇ ಕೈಬರಹದಲ್ಲಿ 'ಸರಿಯುತ್ತರ' ಎಂದಿತ್ತು.

"ಮಕ್ಕಳೇ ಊಹಿಸಲಿ ಅಂತ ತೆಗೆದಿಟ್ಟಿದ್ದೆ. ಮೂರು ವರ್ಷ ಒಬ್ಬರಿಗೂ ಹೊಳೀಲಿಲ್ಲ. ಈಗಿನವರಿಗೆ ಓದೋಕೇ ಬರಲ್ಲ ಅಂದ್ಕೊಂಡು ಮರೆತೇಬಿಟ್ಟೆ. ಮೊನ್ನೆ ಬೀರು ತೆಗೆದಾಗ ಸಿಕ್ತು."

"ಮೊನ್ನೆ," ಎಂದಳು ಹುಡುಗಿ.

ಎರಡು ದಿನ ಅವರು ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದರು. ಹೇಳಿದರೆ ತಮ್ಮ ಮಾನ, ಹೇಳದಿದ್ದರೆ ಅವಳ ಬದುಕು. ಎರಡು ದಿನ ಮಾನವನ್ನೇ ಆರಿಸಿಕೊಂಡಿದ್ದರು.

"ನೀವು ನನ್ನ ಹತ್ರ ಬಂದಿದ್ದು ಹುಡುಕಿಸೋಕಲ್ಲ. ನಿಮ್ಮ ಬಾಯಲ್ಲಿ ಬರದೇ ಇದ್ದಿದ್ದನ್ನ ನನ್ನ ಬಾಯಲ್ಲಿ ಹೇಳಿಸೋಕೆ," ಎಂದರು ಅಕ್ಕ ಮೆಲ್ಲಗೆ.

ಪ್ರಾಂಶುಪಾಲರು ದೂರಿನ ಕಾಗದ ಹರಿದರು. ಮೇಷ್ಟರು ಕೈಮುಗಿದು, "ತಪ್ಪಾಯ್ತಮ್ಮ," ಎಂದರು.

ಹುಡುಗಿ ಲಕೋಟೆಯಲ್ಲಿದ್ದ ಹಾಳೆಯನ್ನು ನಿಧಾನವಾಗಿ ಪೂರ್ತಿ ಓದಿ ಅಕ್ಕನ ಕೈಗೆ ಕೊಟ್ಟಳು. "ಇಲ್ಲಿ ಹೇಳಿದ್ರೆ ಆಗಲ್ಲ ಸರ್. ಕಳ್ಳಿ ಅಂದಿದ್ದು ಎಲ್ಲರ ಮುಂದೆ."

ಪರೀಕ್ಷೆಯ ಕೋಣೆಯಲ್ಲಿ ಅರವತ್ತು ಮಕ್ಕಳೂ ಬಂದು ಕೂತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಒಳ್ಳೊಳ್ಳೆಯ ಮಾತುಗಳಲ್ಲಿ ಒಂದೂ ಮೇಷ್ಟರ ನಾಲಿಗೆಗೆ ಬರಲಿಲ್ಲ.

"ಹಾಳೆ ತೆಗೆದವನು ನಾನು. ನಾನು ಕಲಿಸಿದ್ದನ್ನ ಇವಳೊಬ್ಬಳು ಕಲಿತಳು. ನನಗೆ ನಂಬೋಕಾಗಲಿಲ್ಲ, ಕಳ್ಳಿ ಅಂದುಬಿಟ್ಟೆ."

ಹುಡುಗಿ ಅವರತ್ತ ತಿರುಗಿಯೂ ನೋಡದೆ ತನ್ನ ಜಾಗಕ್ಕೆ ಹೋಗಿ ಕೂತು ಪೆನ್ನು ತೆಗೆದಳು.