ಪೊರೆ ಬಿಡದ ಸರ್ಪ

ಮೈಮೇಲೆ ಮೀನಿನ ಹಾಗೆ ಪದರ ಪದರವಾಗಿ ಗಟ್ಟಿಯಾಗುತ್ತದಲ್ಲ, ಅದಕ್ಕೆ ನಮ್ಮೂರ ಕಡೆ ಏನೋ ಅನ್ನುತ್ತಿದ್ದರು. ಹುರುಕು? ಅಲ್ಲ, ಅದು ಕಜ್ಜಿ. ಹುರು... ಹುರುಪೆ! ಹ್ಞಾಂ, ಹುರುಪೆ.

ಬಹಳ ಬಹಳ ಹಿಂದೆ, ಹೊಂಬೆಟ್ಟವೆಂಬ ಸೀಮೆಯಲ್ಲಿ, ಗಾಣದ ಮನೆಯ ಸಂಕವ್ವನಿಗೆ ಅಂಥ ಹುರುಪೆಯ ಮೈ. ಅವಳ ಅಜ್ಜಿಗಿತ್ತು, ಅವ್ವನಿಗಿತ್ತು. ಹುಟ್ಟಿದಾಗ ಮುಟ್ಟಿದಲ್ಲೆಲ್ಲ ಬೊಬ್ಬೆ, ಬೆಳೆದಂತೆ ಮೊಣಕೈ ಮೊಣಕಾಲಲ್ಲಿ ಹುರುಪೆ. ದಿನಾ ನೀರಲ್ಲಿ ನೆನೆದು, ಎಣ್ಣೆ ಸವರಿ, ಹೀರೆನಾರಿನಿಂದ ಮೆಲ್ಲಗೆ ಉಜ್ಜಿಕೊಳ್ಳುವುದು ಆ ಮನೆಯ ಹೆಂಗಸರ ರೂಢಿ.

ಒಂದು ವರ್ಷ ದೊಡ್ಡ ಸರ್ಪವೊಂದು ಹೊಳೆಗೆ ಅಡ್ಡ ಮಲಗಿತು. ಊರಿಗೆ ನೀರಿಲ್ಲ. ಕಾಳಜಟ್ಟಿ ಎಂಬ ಮಾಂತ್ರಿಕ ಅರಮನೆಗೆ ಬಂದ.

"ದೊರೆಯೇ, ಗಾಣದ ಮನೆಯಲ್ಲಿ ಬೊಬ್ಬೆಮೈಯ ಗಂಡುಕೂಸು ಹುಟ್ಟಿದೆ. ಅದು ಸರ್ಪದ ಶಾಪ. ಕೂಸನ್ನು ಸರ್ಪಕ್ಕೆ ಒಪ್ಪಿಸಿ, ಹೊಳೆ ಹರಿಯುತ್ತದೆ."

"ಶಾಪವಂತೆ ಶಾಪ!" ಎಂದಳು ಸುದ್ದಿ ಕೇಳಿ ಓಡಿಬಂದ ಸಂಕವ್ವ ತುಂಬಿದ ಸಭೆಯಲ್ಲಿ. "ನಮ್ಮಜ್ಜಿಯ ಮೂಗು ನನಗೆ ಬಂದಿದೆ, ಅದೂ ಶಾಪವೇನು? ಸರ್ಪವನ್ನು ನಾನು ಎಬ್ಬಿಸುತ್ತೇನೆ. ನನ್ನ ತಮ್ಮನನ್ನು ಮುಟ್ಟಬೇಡಿ."

"ಎಣ್ಣೆ ಮಾರುವವಳಿಗೆ ಯಾಕೆ ಈ ಉಸಾಬರಿ?" ಎಂದು ನಕ್ಕ ಹಿರಿಯ ರಾಜಕುಮಾರ. ಕತ್ತಿ ಹಿಡಿದು ಹೋದ. ಸರ್ಪ ಬುಸ್ಸೆಂದಿತು. ಕಲ್ಲಾದ. ಕಿರಿಯವನು ಇಕ್ಕಳ ಹಿಡಿದು ಹೋಗಿ ಸರ್ಪದ ಮೈಗಂಟಿದ್ದ ಒಣಪೊರೆಯನ್ನು ಎಳೆದ. ಸರ್ಪ ಬುಸ್ಸೆಂದಿತು. ಕಲ್ಲಾದ.

ಮೂರನೆಯವಳಾಗಿ ಸಂಕವ್ವ ಹೋದಳು. ಕೈಯಲ್ಲಿ ಎಣ್ಣೆಯ ಕೊಡ, ಹೀರೆನಾರು.

"ಅಯ್ಯೋ ನಾಗಪ್ಪಾ, ಪೊರೆ ಕಣ್ಣಿಗೇ ಕಚ್ಚಿಕೊಂಡಿದೆಯಲ್ಲೋ!"

"ಊರು ತನ್ನ ಕೈಗೆ ಬರಲೆಂದು ಮಾಂತ್ರಿಕ ಮಂತ್ರ ಹಾಕಿ ಒಣಗಿಸಿದ್ದಾನೆ, ತಾಯಿ. ಅಲುಗಲಾರೆ. ಎಳೆದರೆ ಜೀವ ಹೋಗುತ್ತದೆ."

"ಎಳೆದರೆ ಚರ್ಮವೇ ಕಿತ್ತು ಬರುತ್ತದೆ, ನನಗೆ ಗೊತ್ತಿಲ್ಲವೇ? ಸುಮ್ಮನಿರು."

ಸರ್ಪದ ಆಚೆ ತಡೆದು ನಿಂತಿದ್ದ ಹೊಳೆನೀರನ್ನೇ ಹೊಯ್ದು ನೆನೆಸಿದಳು. ಎಣ್ಣೆ ಸವರಿದಳು. ಕಾದಳು. ಮೆಲ್ಲಗೆ ಉಜ್ಜಿದಳು. ಅವಳ ಅಂಗೈಯಲ್ಲೂ ಬೊಬ್ಬೆ ಎದ್ದವು; ಕೈ ಬದಲಿಸಿ ಉಜ್ಜಿದಳು. ಸಂಜೆಗೆ ಪೊರೆ ಮೂತಿಯಿಂದ ಬಾಲದವರೆಗೆ, ಎಣ್ಣೆಗೈಯಿಂದ ಬಳೆ ಜಾರಿದ ಹಾಗೆ ಜಾರಿತು. ಜಾರಿದ್ದೇ ಹಾರಿ ಹೋಗಿ, ದಡದಲ್ಲಿ ನಿಂತು ನೋಡುತ್ತಿದ್ದ ಮಾಂತ್ರಿಕನನ್ನು ಸುತ್ತಿಕೊಂಡಿತು. ಸರ್ಪ ಪಕ್ಕಕ್ಕೆ ಸರಿಯಿತು; ಭೋರೆಂದು ಬಂದ ಹೊಳೆ ಅವನನ್ನು ಕೊಚ್ಚಿಕೊಂಡು ಹೋಯಿತು. ರಾಜಕುಮಾರರು ಕಣ್ಣುಜ್ಜಿಕೊಂಡು ಎದ್ದರು.

ಹೊಳೆದಂಡೆಗೆ ಓಡಿಬಂದ ದೊರೆ ಕೈಮುಗಿದು ಕೇಳಿದ: "ನಾಗಪ್ಪಾ, ಈ ಮಗಳ ಹುರುಪೆಯನ್ನೂ ತೆಗೆಯುತ್ತೀಯಾ?"

"ನಾನು ಕೊಟ್ಟಿದ್ದರೆ ತಾನೆ ತೆಗೆಯುವುದು!" ಎಂದಿತು ಸರ್ಪ.

"ಬಿಡಿ ದೊರೆಯೇ," ಎಂದಳು ಸಂಕವ್ವ, "ನೀರು ಬಂತಲ್ಲ. ತಮ್ಮನಿಗೆ ಸ್ನಾನ ಮಾಡಿಸಬೇಕು, ಹೊರಟೆ."

ತಮ್ಮ ಬೆಳೆದ, ಮದುವೆಯಾದ. ಅವನ ಮಗಳೂ ಬೊಬ್ಬೆಮೈಯಲ್ಲೇ ಹುಟ್ಟಿದಳು. ಆಗ ಶಾಪವೆನ್ನುವವರು ಊರಲ್ಲಿ ಒಬ್ಬರೂ ಇರಲಿಲ್ಲ. ತೊಟ್ಟಿಲಿಗೆ ಹಾಸಲು ರಾಣಿಯೇ ತನ್ನ ಹಳೆಯ ಮೆತ್ತನೆ ಸೀರೆ ಕಳಿಸಿದಳು. ಹೊಳೆ ಹರಿಯಿತು, ಗಾಣ ತಿರುಗಿತು, ಎಲ್ಲರೂ ಸುಖವಾಗಿದ್ದರು.

ಮಗಾ, ನನಗೆ ಮಾತು ಮರೆತು ಹೋಗುತ್ತಿವೆ, ಇಷ್ಟನ್ನು ನಿನ್ನ ಕೈಯಿಂದ ಬರೆದಿಡು.