ಯಶೋಧರಾಳ ಬೇಸ್ ಗಿಟಾರ್

ಕಂಪ್ಲಿಯ ಆ ಕಲ್ಯಾಣ ಮಂಟಪದ ಬಾಗಿಲಲ್ಲೇ ಯಶೋಧರಾಳ ಕಾಲುಗಳು ನಿಂತುಬಿಟ್ಟವು.

ವೇದಿಕೆಯ ಮೇಲೆ ಮಂಡಿಯೂರಿ ಕೇಬಲ್ಲಿಗೆ ಟೇಪು ಅಂಟಿಸುತ್ತಿದ್ದವನ ಬೆನ್ನು ಮಾತ್ರ ಕಾಣುತ್ತಿತ್ತು. ಮುಖ ನೋಡುವ ಅಗತ್ಯವೇ ಇರಲಿಲ್ಲ. ಟೇಪನ್ನು ಹಲ್ಲಿನಿಂದ ಕಚ್ಚಿ ಹರಿಯುವ ಆ ಅಭ್ಯಾಸ ಅವಳಿಗೆ ಗೊತ್ತಿತ್ತು.

‘ಪರಶು... ಇವನೂ ಬರ್ತಾನಂತ ಗಾದಿಲಿಂಗ ಹೇಳೇ ಇಲ್ಲಲ್ಲ...’

ಬೆನ್ನಿಗೇರಿಸಿದ್ದ ಬೇಸ್ ಗಿಟಾರ್ ಒಮ್ಮೆಲೇ ಭಾರವೆನಿಸಿತು. ತಿರುಗಿ ಹೋಗಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಅವನು ಇತ್ತ ತಿರುಗಿದ. ಬಾಯಲ್ಲಿದ್ದ ಟೇಪಿನ ತುಂಡು ಹಾಗೇ ಉಳಿಯಿತು. ಅದನ್ನು ತೆಗೆದು ಎದ್ದು ನಿಂತ.

“ಬರ್ರಿ ಮೇಡಂ. ಜಾಗ ಇಲ್ಲೈತಿ.”

ಮೇಡಂ! ಒಂದು ಕಾಲಕ್ಕೆ ‘ಲೇ ಯಶು’ ಎಂದು ಬೀದಿಯ ಆ ತುದಿಯಿಂದಲೇ ಕೂಗುತ್ತಿದ್ದ ಬಾಯಿ ಅದು.

ಗಾದಿಲಿಂಗನ ತಂಗಿ ಭವ್ಯಳ ಮದುವೆ ಅಂದು. ಹಳೆಯ ಗೆಳೆಯರೆಲ್ಲ ಸೇರಿ ಒಂದೈದು ಹಾಡು ನುಡಿಸಲೇಬೇಕು ಎಂದು ಗಾದಿಲಿಂಗ ಹಟ ಹಿಡಿದಿದ್ದ. ಏಳು ವರ್ಷದ ಹಿಂದೆ ಅವರೆಲ್ಲ ಹೊಸಪೇಟೆಯ ತಂಗಾಳಿ ಆರ್ಕೆಸ್ಟ್ರಾದವರು. ಗಾದಿಲಿಂಗ ಡ್ರಮ್ಸ್, ಪರಶುರಾಮ್ ಗಿಟಾರ್, ಯಶೋಧರಾ ಬೇಸ್.

ಚೋರನೂರಿನ ಮಾರೆಪ್ಪನ ಮಗಳು ಬೇಸ್ ಗಿಟಾರ್ ಹಿಡಿದದ್ದೇ ಆಕಸ್ಮಿಕ. ಹಾಡಲು ಬರುತ್ತದೆಂದು ಕಾಲೇಜಿನ ಗೆಳತಿಯರು ಕರೆತಂದಿದ್ದರು. ಮೈಕ್ ಮುಂದೆ ನಿಂತಾಗ ಗಂಟಲೇ ಬಿಡಲಿಲ್ಲ. ಮೂಲೆಯಲ್ಲಿ ಯಾರೂ ಮುಟ್ಟದ ನಾಲ್ಕು ತಂತಿಯ ಗಿಟಾರೊಂದು ಬಿದ್ದಿತ್ತು. ಮುಖ ಮುಚ್ಚಿಕೊಳ್ಳಲು ಏನಾದರೂ ಬೇಕಲ್ಲ ಎಂದು ಅದನ್ನೇ ಎತ್ತಿಕೊಂಡಳು. ದಪ್ಪ ತಂತಿ ಮೀಟಿದಾಗ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗಿತು. ಅವತ್ತೇ ಅವಳಿಗೆ ಅದು ತನ್ನದು ಅನಿಸಿಬಿಟ್ಟಿತ್ತು.

ಹೇಗೆ ಹಿಡಿಯಬೇಕು ಎಂದು ಹೇಳಿಕೊಟ್ಟವನು ಪರಶುರಾಮ್. ಮಲಪನಗುಡಿಯ ಅವನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಪ್ರಾಕ್ಟೀಸು. ಮಧ್ಯಾಹ್ನದ ಹೊತ್ತಿಗೆ ಅವನ ಸೋದರತ್ತೆ ದುರ್ಗಕ್ಕ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟು, “ನಿಮ್ಮ ಗದ್ದಲಕ್ಕ ನನ್ನ ಎಮ್ಮಿ ಹಾಲು ಕೊಡವಲ್ದು” ಎಂದು ಬೈದು, ಬಾಗಿಲಲ್ಲೇ ಕುಳಿತು ಕೇಳುತ್ತಿದ್ದಳು. ಭಾನುವಾರ ಸಂಜೆ ಇಬ್ಬರೂ ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಕೂರುತ್ತಿದ್ದರು. ಅವನು ಗಿಟಾರ್ ನುಡಿಸುವನು, ಅವಳು ಕಲ್ಲುಕಂಬದ ಮೇಲೆ ಬೆರಳಾಡಿಸಿ ತನ್ನ ಸ್ವರಗಳನ್ನು ಬಾಯಲ್ಲಿ ಗುನುಗುವಳು. ಕಲ್ಲಿನ ಬಿಸಿ ಆರುವವರೆಗೂ ಮಾತು. ಪ್ರೀತಿ ಎಂಬ ಪದವನ್ನು ಇಬ್ಬರೂ ಆಡಲಿಲ್ಲ. ಆಡಬೇಕು ಎಂದು ಅನಿಸಿರಲೂ ಇಲ್ಲ...

ಆಮೇಲೆ ಕಂಪ್ಲಿಯಲ್ಲೇ ಒಂದು ಕಾರ್ಯಕ್ರಮ ಬಂತು. ಚೋರನೂರಿನಿಂದ ಅಪ್ಪ ಮೊದಲ ಸಲ ಅವಳ ಬೇಸ್ ಕೇಳಲು ಬಂದಿದ್ದ. ತಂಡಕ್ಕಿದ್ದದ್ದು ಒಂದೇ ಆಂಪ್ಲಿಫೈಯರ್. ಯಾವಾಗಲೂ ಅದು ಬೇಸ್‌ಗೇ ಮೀಸಲು. ಅವತ್ತು ಬೆಂಗಳೂರಿನಿಂದ ಯಾರೋ ಸಂಗೀತದವರು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಪರಶುರಾಮ್ ಒಂದು ಮಾತೂ ಕೇಳದೆ ಆಂಪ್ಲಿಫೈಯರನ್ನು ತನ್ನ ಗಿಟಾರಿಗೆ ಸಿಕ್ಕಿಸಿಕೊಂಡ. ಅವಳ ಬೇಸ್‌ನ ಕೇಬಲ್ಲನ್ನು ನೇರ ಮಿಕ್ಸರಿಗೆ ಹಾಕಿದರು. ಸದ್ದು ಸೊಳ್ಳೆಯಂತೆ ಸಣ್ಣಗಾಗಿ, ಜೊತೆಗೆ ಗೊಂಯ್ ಎಂಬ ಗದ್ದಲ ಸೇರಿ, ಕಡೆಗೆ ಸೌಂಡ್‌ನವನು ಅದನ್ನು ಇಳಿಸಿಯೇಬಿಟ್ಟ.

“ನಿನ್ನ ಬೆರಳು ಆಡಾದು ಕಂಡ್ತವ್ವ. ಸದ್ದು ಮಾತ್ರ ಕೇಳಲಿಲ್ಲ” ಎಂದಿದ್ದ ಅಪ್ಪ, ಮಗಳಿಗೆ ನೋವಾಗದಂತೆ ಮೆತ್ತಗೆ.

ಎರಡು ದಿನಕ್ಕೆ ಆರ್ಕೆಸ್ಟ್ರಾದ ಯಜಮಾನ ಹೊನ್ನೂರುಸ್ವಾಮಿ ಫೋನ್ ಮಾಡಿದ. ಇನ್ನು ಮುಂದೆ ಬೇಸನ್ನು ಕೀಬೋರ್ಡ್‌ನವನೇ ನೋಡಿಕೊಳ್ಳುತ್ತಾನೆ, ಪರಶುರಾಮನೂ ಇದಕ್ಕೆ ಒಪ್ಪಿದ್ದಾನೆ ಎಂದ. ಅವಳು ಮರುಮಾತಾಡದೆ ಫೋನಿಟ್ಟಳು. ಸಿಮ್ ಬದಲಾಯಿಸಿದಳು. ಬಳ್ಳಾರಿಯಲ್ಲಿ ಬಿ.ಎಡ್ ಮುಗಿಸಿ, ಸಂಡೂರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆದಳು. ಬೇಸ್ ಬಾಗಿಲ ಹಿಂದೆ ನಿಂತಿತು.

ಈಗ ಅವ್ವ ಯಮನಮ್ಮ ಬಳ್ಳಾರಿಯ ಒಂದು ಸಂಬಂಧ ಹಿಡಿದು ಕುಳಿತಿದ್ದಳು. ಹುಡುಗ ಒಳ್ಳೆಯವನು, ಬೇಡ ಎನ್ನಲು ಕಾರಣವೇ ಇರಲಿಲ್ಲ. ಈ ಮದುವೆ ಮುಗಿಸಿ ಬಂದು ಹೇಳುತ್ತೇನೆ ಎಂದು ಬಂದಿದ್ದಳು ಯಶೋಧರಾ.

ವೇದಿಕೆ ಹತ್ತಿ ಸುತ್ತ ನೋಡಿದಳು. ಆಂಪ್ಲಿಫೈಯರ್ ಎಲ್ಲೂ ಇರಲಿಲ್ಲ.

ಪರಶುರಾಮ್ ಅಂಗೈಗಿಂತ ತುಸು ದೊಡ್ಡದಾದ ಕಬ್ಬಿಣದ ಪೆಟ್ಟಿಗೆಯೊಂದನ್ನು ಅವಳ ಕಾಲ ಬಳಿ ಇಟ್ಟ. ಮೇಲೆ ಸಾಲಾಗಿ ತಿರುಗಿಸುವ ಗುಂಡಿಗಳು, ಕಾಲಿನಿಂದ ಒತ್ತುವ ಒಂದು ಗುಂಡಿ.

“ಇದರಾಗ ಹಾಕ್ರಿ. ಡಿಐ ಪೆಡಲ್, ಸದ್ದು ತುಂಬಿಸಿ ಮಿಕ್ಸರಿಗೆ ಕೊಡ್ತೈತಿ. ಆಂಪ್ ಇಲ್ಲದಿದ್ರೂ ನಡೀತೈತಿ.”

“ಬ್ಯಾಡ್ರಿ. ನಂದು ನೇರ ಹಾಕಿ ರೂಢಿ ಐತಿ” ಎಂದಳು.

ಆ ಮಾತು ಅವನಿಗೆ ಎಲ್ಲಿ ತಾಗಿತೋ, ಮುಖ ಕೆಳಗೆ ಹಾಕಿದ. ಅವಳು ನೇರ ಮಿಕ್ಸರಿನ ಕೇಬಲ್ಲನ್ನೇ ಸಿಕ್ಕಿಸಿಕೊಂಡಳು. ಮರುಕ್ಷಣ ಮಂಟಪದ ತುಂಬ ಗೊಂಯ್ ಎಂಬ ಸದ್ದು ಎದ್ದಿತು. ಹೂವಿನ ಸರ ಕಟ್ಟುತ್ತಿದ್ದವರು ತಿರುಗಿ ನೋಡಿದರು. ತಂತಿ ಮೀಟಿದರೆ ಅದೇ ಸಣ್ಣ, ಒಣ ಸದ್ದು. ಸೌಂಡ್‌ನ ಹನುಮಣ್ಣ ಅಲ್ಲಿಂದಲೇ ಕೈ ಅಲ್ಲಾಡಿಸಿದ.

ಯಶೋಧರಾಳ ಕಣ್ಣುಗಳು ತುಂಬಿ ಬಂದವು. ‘ಮತ್ತ ಅದ ಊರು... ಮತ್ತ ಅದ ಅವಮಾನ...’

ಪರಶುರಾಮ್ ಮುಂದೆ ಬಂದ. ಅವಳ ಕೇಬಲ್ ಬಿಚ್ಚಿ ಪೆಡಲ್ಲಿಗೆ ಹಾಕಿದ, ಪೆಡಲ್ಲಿನಿಂದ ಇನ್ನೊಂದು ಕೇಬಲ್ ಮಿಕ್ಸರಿಗೆ ಕೊಟ್ಟ. ಪೆಡಲ್ಲಿನ ಬದಿಯಲ್ಲಿದ್ದ ಚಿಕ್ಕದೊಂದು ಸ್ವಿಚ್ಚನ್ನು ಉಗುರಿನಿಂದ ಸರಿಸಿದ. ಗೊಂಯ್ ಎಂಬುದು ಕತ್ತರಿಸಿದಂತೆ ನಿಂತುಹೋಯಿತು.

“ಮೀಟ್ರಿ” ಎಂದ.

ಮೀಟಿದಳು. ಸದ್ದು ಈಗ ತುಂಬಿಕೊಂಡು ಬಂತು, ಆದರೆ ಗವ್ ಎನ್ನುತ್ತಿತ್ತು. ಅವನು ಮಂಡಿಯೂರಿ ಕುಳಿತು ಅವಳ ಮುಖ ನೋಡಿದ.

“ನಿಮಗ ಹೆಂಗ ಬೇಕು?”

ಅಷ್ಟು ವರ್ಷ ಜೊತೆಗೆ ನುಡಿಸಿದರೂ ಅವನು ಈ ಪ್ರಶ್ನೆ ಕೇಳಿದ್ದೇ ಇಲ್ಲ. ಯಾರೂ ಕೇಳಿರಲಿಲ್ಲ.

“ಇನ್ನಷ್ಟು... ತಿಳಿ ಆಗ್ಬೇಕು. ದಪ್ಪ ಇರ್ಬೇಕು, ಆದ್ರ ಒಂದೊಂದು ಸ್ವರ ಬ್ಯಾರೆ ಬ್ಯಾರೆ ಕೇಳ್ಬೇಕು.”

ಅವನು ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಅವಳು ಮೀಟಿದಳು, ಸಾಲದೆಂದು ತಲೆಯಾಡಿಸಿದಳು. ಮತ್ತೆ ತಿರುಗಿಸಿದ. ಇನ್ನೊಂದು ಗುಂಡಿಯಿಂದ ಸದ್ದಿಗೆ ಸ್ವಲ್ಪ ಒರಟುತನ ಬಂತು, ಹಳೆಯ ಆಂಪ್ಲಿಫೈಯರಿನ ಬಾಯಿಂದ ಬರುತ್ತಿದ್ದಂಥದ್ದೇ. ಅದು ಜಾಸ್ತಿಯಾಯಿತು ಎಂದಳು, ಅರ್ಧಕ್ಕಿಳಿಸಿದ. ಗಡಿಬಿಡಿಯೇ ಇಲ್ಲದೆ, ಅವಳು ಸಾಕು ಎನ್ನುವವರೆಗೂ ಅವನು ಕೇಳುತ್ತಲೇ ಹೋದ.

ಒಂದು ಹಂತದಲ್ಲಿ ಸ್ವರವು ಎದೆಗೂಡಿಗೆ ಬಂದು ಕುಳಿತಂತಾಯಿತು. ಯಶೋಧರಾ ಕಣ್ಣು ಮುಚ್ಚಿದಳು. ತಗಡಿನ ಶೆಡ್ಡು, ದುರ್ಗಕ್ಕನ ಬೈಗುಳ, ಸಂಜೆಯ ಬಿಸಿಗಲ್ಲು, ಎಲ್ಲ ಒಟ್ಟಿಗೇ ನುಗ್ಗಿಬಂದವು.

“ಇದ” ಎಂದಳು.

“ನಿಮ್ಮ ಗಿಟಾರಿಗೆ?” ಎಂದು ಅವಳೇ ಕೇಳಿದಳು.

“ನಂದು ಇವತ್ತು ಕರೆಂಟಿಲ್ಲದ ಗಿಟಾರು, ಮುಂದ ಮೈಕ್ ಇಟ್ರ ಸಾಕು. ಈ ಪೆಡಲ್ ಗಿಟಾರಿಗೂ ಆಗ್ತೈತಿ ಖರೆ... ಇವತ್ತು ಬೇಸ್‌ಗೇ ಬೇಕು.”

ಊಟದ ಮೊದಲ ಪಂಕ್ತಿ ಏಳುವ ಹೊತ್ತಿಗೆ ಅವರ ಐದು ಹಾಡು ಮುಗಿದಿದ್ದವು. ಯಶೋಧರಾಳ ಕೈ ತಪ್ಪಿದ್ದು ಎರಡು ಕಡೆ, ಆದರೆ ಸದ್ದು ಒಮ್ಮೆಯೂ ಕಾಣೆಯಾಗಲಿಲ್ಲ. ಭವ್ಯ ಬಾಸಿಂಗ ಕಟ್ಟಿಕೊಂಡೇ ಕುಳಿತಲ್ಲಿ ಹೆಗಲು ಕುಣಿಸಿದ್ದಳು.

ಬೆವರೊರೆಸಿಕೊಳ್ಳುತ್ತ ಬಂದ ಗಾದಿಲಿಂಗ, ಪರಶುರಾಮ್ ಬರುವ ವಿಷಯ ಮುಚ್ಚಿಟ್ಟದ್ದಕ್ಕೆ ಕ್ಷಮೆ ಕೇಳಿದ. ಹೇಳಿದ್ದರೆ ನೀನು ಬರುತ್ತಿರಲಿಲ್ಲವಲ್ಲ ಎಂದ. ನನ್ನನ್ನು ತಂಡದಿಂದ ತೆಗೆಸಿದವನ ಜೊತೆ ನಾನ್ಯಾಕೆ ನುಡಿಸಲಿ ಎಂದು ಅವಳು ಒರಟಾಗಿಯೇ ಕೇಳಿದಳು.

ಗಾದಿಲಿಂಗ ಅವಳನ್ನು ವಿಚಿತ್ರವಾಗಿ ನೋಡಿದ.

“ಯಾರು, ಪರಶುನಾ? ನಿನ್ನ ತೆಗದ್ರು ಅಂತ ಗೊತ್ತಾದ ದಿನಾನ ಹೊನ್ನೂರುಸ್ವಾಮಿ ಕೂಡ ಜಗಳಾಡಿ ತಂಡ ಬಿಟ್ಟಾನ ಅವ. ನಿನಗ ಗೊತ್ತಿಲ್ಲೇನು?”

ಅವಳಿಗೆ ಗೊತ್ತಿರಲಿಲ್ಲ.

‘ಏಳು ವರ್ಷ... ಒಂದು ಮಾತು ಕೇಳಿದ್ರ ಸಾಕಿತ್ತಲ್ಲ. ನಾನ ಕೇಳಲಿಲ್ಲ...’

ಪರಶುರಾಮ್ ಮಂಟಪದ ಹಿಂಬಾಗಿಲ ಮೆಟ್ಟಿಲ ಮೇಲೆ ಒಬ್ಬನೇ ಕುಳಿತು ಕೇಬಲ್ ಸುತ್ತುತ್ತಿದ್ದ. ಅವಳು ಹೋಗಿ ಪಕ್ಕದ ಮೆಟ್ಟಿಲಲ್ಲಿ ಕುಳಿತಳು.

“ನನ್ನ ತೆಗ್ಯಾಕ ನೀ ಒಪ್ಪಿದಿ ಅಂತ ಹೇಳಿದ್ರು. ನಾ ನಂಬಿಬಿಟ್ಟೆ, ಪರಶು.”

ಅವನ ಕೈ ನಿಂತಿತು. ಆ ಮಾತು ಅವನು ಇಂದೇ ಮೊದಲು ಕೇಳುತ್ತಿದ್ದ.

“ಅದು ಸುಳ್ಳು” ಎಂದ ಮೆಲ್ಲಗೆ. “ಆದ್ರ ಆಂಪ್ ಕಸ್ಕೊಂಡದ್ದು ಖರೆ. ಆ ಬೆಂಗಳೂರಿನವರ ಮುಂದ ಮಿಂಚ್ಬೇಕಂತ ಕಸ್ಕೊಂಡೆ. ನಿಮ್ಮಪ್ಪ ಮುಂದಕ್ಕ ಬಗ್ಗಿ ಬಗ್ಗಿ ಕೇಳಾದು ನಾ ನೋಡಿದ್ನಿ ಯಶು. ಅದಕ್ಕ ನೀ ಸಿಮ್ ಬದ್ಲಿಸಿ ನನ್ನ ದೂರ ಮಾಡಿದಿ ಅನ್ಕೊಂಡೆ. ಯಾವ ಮುಖ ಇಟ್ಕೊಂಡು ಚೋರನೂರಿಗೆ ಬರ್ಲಿ?”

ಯಶು ಎಂದದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಅವಳ ಕೆನ್ನೆಯ ಮೇಲೆ ನೀರಿಳಿಯಿತು, ತುಟಿಯ ಮೇಲೆ ಮಾತ್ರ ನಗು.

“ನನಗೂ ಸಿಟ್ಟು ಬಂದಿತ್ತು. ಬೈದು ಜಗಳಾಡ್ಬೇಕಿತ್ತು ನಾನು. ಓಡಿಹೋದೆ” ಎಂದಳು.

ಊಟದ ಮನೆಯಿಂದ ಬದನೆಕಾಯಿ ಪಲ್ಯದ ವಾಸನೆ ಬರುತ್ತಿತ್ತು. ಅವಳು ಬಳ್ಳಾರಿಯ ಸಂಬಂಧದ ವಿಷಯ ಹೇಳಿದಳು. ಇಲ್ಲಿಂದ ಹೋದ ಕೂಡಲೇ ಅವ್ವನಿಗೆ ಉತ್ತರ ಕೊಡಬೇಕೆಂದಳು. ಅವನ ಮುಖದ ಬಣ್ಣವೇ ಇಳಿದದ್ದನ್ನು ನೋಡಿದಳು. ನೋಡಿ ಸಮಾಧಾನಪಟ್ಟಳು.

“ನಾಳೆ ನಮ್ಮನಿಗೆ ಬಾ. ಅವ್ವನ ಮುಂದ ನೀನ ಮಾತಾಡು.”

“ಏನಂತ ಹೇಳ್ಲಿ?”

“ನನಗ ಏನು ಹೇಳಿದ್ಯೋ ಅದನ್ನ ಹೇಳು.”

“ನಿನಗ ನಾ ಇನ್ನಾ ಏನೂ ಹೇಳಿಲ್ಲಲ್ಲ...”

“ಹಂಗಾರ ಈಗ ಹೇಳು.”

ಅಷ್ಟರಲ್ಲಿ ಕರೆಂಟು ಹೋಯಿತು. ಮಂಟಪದ ಹಿಂದಿದ್ದ ಜನರೇಟರ್ ಕೆಮ್ಮಿ, ಗುಡುಗಿ, ಚಾಲೂ ಆಯಿತು. ಪರಶುರಾಮ್ ಒಮ್ಮೆ ಅದರತ್ತ ನೋಡಿದ. ಆಮೇಲೆ ಅವಳತ್ತ ತಿರುಗಿ, ಕೈಯಲ್ಲಿದ್ದ ಕೇಬಲ್ಲನ್ನು ಪಕ್ಕಕ್ಕಿಟ್ಟು, ಆ ಗದ್ದಲದಲ್ಲೇ ಹೇಳಿದ.

“ನೀ ಬೇಕು ನನಗ. ಅವತ್ತೂ ನೀನ ಬೇಕಿತ್ತು. ಇನ್ನ ಮುಂದ ನಾ ಎಲ್ಲೇ ಇದ್ರೂ ನೀ ನನ್ನ ಬಾಜೂಕ ಇರ್ಬೇಕು, ಯಶು.”

ಒಂದೊಂದು ಅಕ್ಷರವೂ ಅವಳಿಗೆ ಕೇಳಿಸಿತ್ತು. ಆದರೂ ಯಶೋಧರಾ ಕಿವಿಗೆ ಕೈ ಇಟ್ಟು, ಅವನ ಹತ್ತಿರಕ್ಕೆ ಸರಿದಳು.

“ಜನರೇಟರ್ ಸದ್ದಿನಾಗ ಕೇಳಲಿಲ್ಲ. ಇನ್ನೊಮ್ಮೆ ಹೇಳು.”

ಅವನಿಗೂ ಗೊತ್ತಾಯಿತು. ನಕ್ಕು, ಅವಳ ಕಿವಿಯ ಬಳಿ ಬಗ್ಗಿ, ಮೊದಲಿನಿಂದ ಶುರುಮಾಡಿದ.