ಅಜ್ಜ ಆಕಳಿಸಿದ ಪ್ರಕರಣ

"ಅಮ್ಮಾ, ನನ್ನ ಫೈಲಿನಲ್ಲಿರೋ ಹನ್ನೊಂದು ಹಾಳೆಗಳು ನನ್ನವಲ್ಲ. ಕಳ್ಳತನ ಆಗಿದೆ ಅಂದ್ರೆ ಯಾರೂ ನಂಬ್ತಿಲ್ಲ. ಹೋದ ಹಾಳೆಗಳ ಜಾಗದಲ್ಲಿ ಅಷ್ಟೇ ಹಾಳೆಗಳು ಕೂತಿವೆಯಲ್ಲ!"

ಮಂಗಳವಾರ ಬೆಳಿಗ್ಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತು ಹೀಗೆಂದವಳು ಓದಿನ ಟೀಚರ್. ನಾನು ಮೂವತ್ತೊಂದು ವರ್ಷ ಒಂದನೇ ತರಗತಿಗೆ ಪಾಠ ಹೇಳಿ ನಿವೃತ್ತನಾದ ಶಾಲೆಗೆ ಐದು ತಿಂಗಳ ಹಿಂದೆ ಬಂದವಳು. ಓದಲು ಒದ್ದಾಡುವ ಹನ್ನೊಂದು ಮಕ್ಕಳನ್ನು ದಿನಕ್ಕೆ ಮುಕ್ಕಾಲು ಗಂಟೆ ಬೇರೆ ಕೋಣೆಯಲ್ಲಿ ಕೂರಿಸಿಕೊಳ್ಳುತ್ತಾಳೆಂದು ಕೇಳಿದ್ದೆ. ಅಂಥ ಮಕ್ಕಳನ್ನು ನಾನು ಸೋಮಾರಿಗಳು ಎನ್ನುತ್ತಿದ್ದೆ. ಈಗ ಅದಕ್ಕೆ ಡಿಸ್ಲೆಕ್ಸಿಯಾ ಎಂದು ದೊಡ್ಡ ಹೆಸರಿಟ್ಟಿದ್ದಾರೆ ಎಂದು ಮೂಗು ಮುರಿದಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಅವಳು ಹುಡುಕಿಕೊಂಡು ಬಂದದ್ದು ನನ್ನನ್ನಲ್ಲ, ನನ್ನ ಅಕ್ಕನನ್ನು. ಅಕ್ಕ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಲೇ ತಲೆ ನರೆಸಿಕೊಂಡವಳು. ನಾವೆಲ್ಲ ಹಾಳೆಯ ಮೇಲೆ ಏನಿರಬೇಕೋ ಅದನ್ನು ನೋಡುತ್ತೇವೆ, ಅವಳು ಏನಿದೆಯೋ ಅದನ್ನು ನೋಡುತ್ತಾಳೆ. ಕಾಣೆಯಾದ ಬಳೆಯಿಂದ ಹಿಡಿದು ನಕಲಿ ಉಯಿಲಿನವರೆಗೆ ಈ ಬೀದಿಯ ಎಷ್ಟೋ ಗಂಟುಗಳನ್ನು ಬಿಡಿಸಿದ್ದಾಳೆ. ನಾನು ಅವಳ ಚೀಲ ಹಿಡಿದುಕೊಂಡು ಹಿಂದೆ ಓಡಾಡುವ ತಮ್ಮ.

"ಕೂತ್ಕೊಂಡು ಹೇಳಮ್ಮ. ಏನು ಹಾಳೆ ಅದು?" ಎಂದಳು ಅಕ್ಕ.

"ಕೊನೆಯ ಪರೀಕ್ಷೆದು. ಮಗು ಒಂದು ನಿಮಿಷ ಗಟ್ಟಿಯಾಗಿ ಓದುತ್ತೆ. ಅದೇ ಪಾಠ ನನ್ನ ಹಾಳೆಯಲ್ಲೂ ಇರುತ್ತೆ. ಮಗು ತಪ್ಪಿದ ಕಡೆ, ಅದು ಏನು ಓದಿತೋ ಅದನ್ನ ಆ ಪದದ ಮೇಲೆ ಪೆನ್ಸಿಲಿನಲ್ಲಿ ಬರೀತೀನಿ. ಶುಕ್ರವಾರ ಎಲ್ಲರೂ ಚೆನ್ನಾಗಿ ಓದಿದ್ರು. ಸೋಮವಾರ ಫೈಲ್ ತೆಗೆದ್ರೆ ಹಾಳೆ ತುಂಬ ತಪ್ಪುಗಳು! ಅಕ್ಷರಾನೂ ನನ್ನದನ್ನೇ ನಕಲು ಮಾಡಿದ್ದಾರೆ."

"ಮತ್ತೆ ಓದಿಸಿ ತೋರಿಸಬಹುದಲ್ಲ?"

"ಹಾಗೇ ಅಂದೆ. ಅದೇ ಪಾಠನ ಬಾಯಿಪಾಠ ಮಾಡಿಸ್ಕೊಂಡು ಬರ್ತೀಯ ಅಂತಾರೆ ನಮ್ಮ ಹೆಡ್ ಮಿಸ್, ದೊಡ್ಡ ಮೇಡಂ. ನಾಳೆ ಮೂರು ಗಂಟೆಗೆ ತೀರ್ಮಾನ. ನನ್ನ ಕೆಲಸ ಹೋದ್ರೆ ಹೋಗಲಿ ಅಮ್ಮಾ. ಆ ಮಕ್ಕಳು ಮತ್ತೆ ಹಿಂದಿನ ಬೆಂಚಿಗೆ ಹೋಗ್ತಾರೆ. ಬಡಗಿಯ ಮಗಳು ನಿನ್ನೆ ಕೇಳಿದ್ಲು, 'ಮಿಸ್, ನಾನು ಓದಿದ್ದು ಸುಳ್ಳಾ?' ಅಂತ."

ಅಕ್ಕ ಬಡಗಿಯ ಮಗಳ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಾನು ಅವಳ ಹೆಗಲ ಮೇಲಿಂದ ಇಣುಕಿದೆ. ಅಜ್ಜ ಮೆಟ್ಟಿಲ ಮೇಲೆ ಕುಳಿತು ಹಾಡುವ, ನಾಯಿ ಬಾಲ ಅಲ್ಲಾಡಿಸುತ್ತಾ ಕೇಳುವ ಆ ಪಾಠ ಒಂದನೇ ತರಗತಿಯ ಹಳೆಯ ಪುಸ್ತಕದ್ದು. ಶಾಲೆಯಲ್ಲಿ ಆ ಪುಸ್ತಕವನ್ನು ಕೈಬಿಟ್ಟು ಹನ್ನೆರಡು ವರ್ಷವಾಗಿತ್ತು. 'ಹಾಡುತ್ತಿದ್ದನು' ಎಂಬಲ್ಲಿ ಪೆನ್ಸಿಲಿನಲ್ಲಿ 'ಆಕಳಿಸುತ್ತಿದ್ದನು' ಎಂದಿತ್ತು. ನಾಯಿ 'ಕೇಳುತ್ತಿತ್ತು' ಎಂಬಲ್ಲಿ 'ಎದ್ದು ಹೋಯಿತು' ಎಂದಿತ್ತು. ಇನ್ನೂ ಮೂವರು ಮಕ್ಕಳ ಹಾಳೆಗಳಲ್ಲಿ ಇವೇ ತಪ್ಪುಗಳು.

ಆಕಳಿಸುವ ಅಜ್ಜ ನನ್ನ ಹಳೆಯ ತಮಾಷೆ. ಎಷ್ಟೋ ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಹುಡುಗ ಹಾಗೆ ಓದಿದ್ದ. ಆಮೇಲೆ ಅವನ ದನಿ, ತಡವರಿಕೆ, ಕಣ್ಣು ಮಿಟುಕಿಸುವುದು ಎಲ್ಲವನ್ನೂ ನಟಿಸಿ ತೋರಿಸಿ ನಾನು ಮಂದಿಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದೆ. ನನ್ನ ಬೀಳ್ಕೊಡುಗೆಯ ದಿನವೂ ದೊಡ್ಡ ಮೇಡಂ ಎದುರಿಗೇ ಮಾಡಿದ್ದೆ. ಆ ಹುಡುಗನ ಹೆಸರು ಮರೆತುಹೋಗಿತ್ತು. ನಾವಿಟ್ಟ 'ಆಕಳಿಕೆ' ಎಂಬ ಅಡ್ಡಹೆಸರು ಮಾತ್ರ ನೆನಪಿತ್ತು. ಎರಡನೆಯ ತಪ್ಪಿನ ಬಗ್ಗೆ ಯೋಚಿಸಲು ನನಗೆ ಧೈರ್ಯವೇ ಬರಲಿಲ್ಲ. ನನ್ನ ಮೇಲೆ ಅನುಮಾನ ಬಂದೀತೆಂದು ಬಾಯಿಗೆ ಬೀಗ ಹಾಕಿಕೊಂಡೆ.

ಅಕ್ಕ ನನ್ನ ಕಡೆ ನೋಡಲಿಲ್ಲ. "ಮಕ್ಕಳು ಓದಿದ ಹಾಳೆ ಎಲ್ಲಿ?" ಎಂದು ಕೇಳಿದಳು.

ಓದಿನ ಟೀಚರ್ ತೆಗೆದುಕೊಟ್ಟಳು. ದಪ್ಪ ಅಕ್ಷರದಲ್ಲಿ ಟೈಪು ಮಾಡಿದ ಬರೀ ಪಾಠ.

"ಚಿತ್ರ ಇಲ್ವಲ್ಲ?"

"ಬೇಕಂತಲೇ ಇಟ್ಟಿಲ್ಲ ಅಮ್ಮಾ. ಚಿತ್ರ ಇದ್ರೆ ಅಕ್ಷರ ನೋಡೋದೇ ಇಲ್ಲ, ಚಿತ್ರ ನೋಡಿ ಊಹಿಸ್ತಾರೆ. ನಮ್ಮಲ್ಲಿ ಒಂದೊಂದು ಅಕ್ಷರದ ದನಿ ಹೇಳಿ, ಮೇಜು ತಟ್ಟಿ, ಮರಳಿನಲ್ಲಿ ಬರೆದು, ಕೂಡಿಸಿ ಓದೋದು. ಒತ್ತಕ್ಷರಕ್ಕೇ ಆರು ವಾರ ತಗೊಂಡೆ."

"ಹಾಗೆ ಕಲಿತ ಮಗು ತಪ್ಪಿದ್ರೆ ಹೇಗೆ ತಪ್ಪುತ್ತೆ?"

"ಒತ್ತು ಬಿಡುತ್ತೆ, ದೀರ್ಘ ಎಳೆಯಲ್ಲ, ಅರ್ಧಕ್ಕೆ ನಿಲ್ಲುತ್ತೆ. ಹಾಳೆಯಲ್ಲಿ ಇಲ್ಲದ ಪದಾನ ಗಾಳಿಯಿಂದ ತರಲ್ಲ."

"ಸರಿ, ಶಾಲೆಗೆ ಹೋಗೋಣ," ಎಂದು ಅಕ್ಕ ಚಪ್ಪಲಿ ಹುಡುಕತೊಡಗಿದಳು.

ಫೈಲ್ ಇಡುವ ಬೀರು ಇದ್ದದ್ದು ನಾಲ್ಕನೇ ತರಗತಿಯ ಕೋಣೆಯಲ್ಲಿ. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಕೀಲಿಕೈಗಳು ಮೂರು: ಓದಿನ ಟೀಚರ್ ಹತ್ತಿರ ಒಂದು, ದೊಡ್ಡ ಮೇಡಂ ಹತ್ತಿರ ಒಂದು, ಆ ತರಗತಿಯ ಟೀಚರ್ ಹತ್ತಿರ ಒಂದು. ಈ ಕೊನೆಯವಳು ನನ್ನ ಶಿಷ್ಯೆ. ಎಂಟು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ನನ್ನ ಪಕ್ಕದಲ್ಲಿ ಕೂತು ಪಾಠ ಮಾಡುವುದನ್ನು ಕಲಿತಿದ್ದಳು. ಹನ್ನೊಂದು ಮಕ್ಕಳೂ ಒಂದನೇ ತರಗತಿಯಿಂದಲೇ ಮೂರು ವರ್ಷ ಅವಳ ಕೈಯಲ್ಲಿ ಇದ್ದವರೇ. ನನ್ನನ್ನು ಕಂಡರೆ ಅವಳಿಗೆ ಬಹಳ ಗೌರವ. ಶನಿವಾರ ತಾನೇ ಮನೆಗೆ ಬಂದು ಒಂದು ಗಂಟೆ ಕೂತು ಹರಟಿ ಹೋಗಿದ್ದಳು.

"ಬನ್ನಿ ಸಾರ್, ಕೂತ್ಕೊಳ್ಳಿ," ಎಂದು ಕುರ್ಚಿ ಎಳೆದುಕೊಟ್ಟಳು. "ಪಾಪ, ಅವರು ತುಂಬ ಕಷ್ಟಪಟ್ರು. ಆದ್ರೆ ಕೆಲವು ಮಕ್ಕಳು ಅಷ್ಟೇ ಅಲ್ವಾ ಸಾರ್?"

ದೊಡ್ಡ ಮೇಡಂ ಅಷ್ಟು ನಯವಾಗಿರಲಿಲ್ಲ. "ಈ ಮೇಜು ತಟ್ಟೋ ವಿದ್ಯೆ ನಂಗೆ ಮೊದಲಿಂದಲೂ ಹಿಡಿಸಿಲ್ಲ. ನಾಳೆ ಅದಕ್ಕೆ ಮಂಗಳ ಹಾಡ್ತೀನಿ," ಎಂದರು.

ಮನೆಗೆ ಬಂದು ಬಾಗಿಲು ತೆಗೆಯುವಾಗ ಅಕ್ಕ, "ನಂಗೇನಾದ್ರೂ ಹೇಳೋದಿದೆಯೇನೋ?" ಎಂದಳು. "ಏನಿಲ್ಲ," ಎಂದೆ. ಅರವತ್ತಾರು ವರ್ಷದ ಗಂಡಸು ಚಿಕ್ಕ ಹುಡುಗನ ಹಾಗೆ ಸುಳ್ಳು ಹೇಳಿದೆ.

ಬುಧವಾರ ಮೂರು ಗಂಟೆಗೆ ದೊಡ್ಡ ಮೇಡಂ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಅತಿ ಹೆಚ್ಚು ತಪ್ಪುಗಳಿದ್ದದ್ದು ಬಡಗಿಯ ಮಗಳ ಹಾಳೆಯಲ್ಲೇ. ಅದಕ್ಕೆಂದು ಅವಳನ್ನೂ ಅವಳ ಅಪ್ಪನನ್ನೂ ಕರೆಸಿದ್ದರು. ಆತ ತೋಳಿನ ಮರದ ಪುಡಿ ಕೊಡವಿಕೊಂಡು ಬಾಗಿಲ ಬಳಿ ನಿಂತ. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಅಕ್ಕ ಎದ್ದು ನಿಂತಳು. "ಮಕ್ಕಳ ಕೈಯಲ್ಲಿದ್ದ ಹಾಳೆಯಲ್ಲಿ ಚಿತ್ರ ಇರಲಿಲ್ಲ. ಆದ್ರೆ ಈ ತಪ್ಪುಗಳೆಲ್ಲ ಚಿತ್ರ ನೋಡಿ ಊಹಿಸಿದವು. ಹಳೆ ಪುಸ್ತಕದ ಚಿತ್ರದಲ್ಲಿ ಅಜ್ಜ ಬಾಯಿ ತೆರೆದು ಕೂತಿದ್ದಾನೆ. ಅದಕ್ಕೇ 'ಅಜ್ಜ ಆಕಳಿಸುತ್ತಿದ್ದನು'. ಈ ಮಕ್ಕಳು ಆ ಪುಸ್ತಕ ಕಂಡೇ ಇಲ್ಲ. ಅಂದಮೇಲೆ ಇದನ್ನ ಬರೆದದ್ದು ದೊಡ್ಡವರು."

ಬಾಗಿಲ ಬಳಿಯಿಂದ ದನಿ ಬಂತು. "ಅಮ್ಮಾ, ಆ ತಪ್ಪು ನನ್ನ ಮಗಳದ್ದಲ್ಲ. ನಂದು."

ಎಲ್ಲರೂ ತಿರುಗಿದೆವು. ಬಡಗಿ ನನ್ನನ್ನೇ ನೋಡುತ್ತಿದ್ದ. "ನೆನಪಿದೆಯಾ ಸಾರ್? ಐದನೇ ಕ್ಲಾಸಿಗೆ ಶಾಲೆ ಬಿಡೋವರೆಗೂ ನನ್ನನ್ನ 'ಆಕಳಿಕೆ' ಅಂತಲೇ ಕರೀತಿದ್ರು."

ಗಡ್ಡ ನರೆತ ಆ ಮುಖದಲ್ಲಿ ಕಣ್ಣು ಮಿಟುಕಿಸುವ ರೀತಿ ಮಾತ್ರ ಹಾಗೇ ಇತ್ತು. ಅದನ್ನೇ ಅಲ್ಲವೇ ನಾನು ಇಷ್ಟು ವರ್ಷ ನಟಿಸಿದ್ದು.

"ಆ ಕತೆ ನಮಗೆಲ್ಲ ಗೊತ್ತು," ಎಂದರು ದೊಡ್ಡ ಮೇಡಂ, ಸ್ವಲ್ಪ ಗಲಿಬಿಲಿಗೊಂಡು. "ಮೇಷ್ಟ್ರು ಎಲ್ಲರ ಮುಂದೂ ಹೇಳಿದ್ದಾರೆ."

"ಹೌದು, ಆಕಳಿಕೆ ಎಲ್ಲರಿಗೂ ಗೊತ್ತು. ಅದರಿಂದ ಕಳ್ಳರು ಸಿಗಲ್ಲ," ಎಂದಳು ಅಕ್ಕ. ಬಡಗಿಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಅವತ್ತು ನೀನು 'ನಾಯಿ ಎದ್ದು ಹೋಯಿತು' ಅಂತಲೂ ಓದಿದ್ದೆಯೇನಪ್ಪ?"

"ಇಲ್ಲಮ್ಮ. ನಾಯಿವರೆಗೂ ನಾನು ಹೋಗಲೇ ಇಲ್ಲ. ಅಷ್ಟರಲ್ಲಿ ನಗು ಶುರುವಾಗಿತ್ತು."

"ಹಾಗಾದ್ರೆ ಈ ನಾಯಿ ಎಲ್ಲಿಂದ ಬಂತು?" ಅಕ್ಕ ಈಗ ನನ್ನನ್ನು ನೋಡಿದಳು. "ಶನಿವಾರ ಪಕ್ಕದ ಕೋಣೆಯಲ್ಲಿ ಪೇಪರ್ ಓದ್ತಿದ್ದ ನನಗೆ ಗೊತ್ತು. ಆದ್ರೆ ಹೇಳಬೇಕಾದವನು ನೀನು."

ನಾನು ಎದ್ದೆ. "ನಾಯಿಯನ್ನ ನಾನು ಹುಟ್ಟಿಸಿದ್ದು. ಹಳೇ ತಮಾಷೆ ಸಪ್ಪೆಯಾಗಿತ್ತು ಅಂತ ಶನಿವಾರ ಹೊಸದಾಗಿ ಸೇರಿಸಿದೆ. ಅಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ, ಆಮೇಲೂ ಹೇಳಿಲ್ಲ. ಕೇಳಿದವಳು ಒಬ್ಬಳೇ, ಈ ನನ್ನ ಶಿಷ್ಯೆ. ದಡ್ಡ ಮಕ್ಕಳು ಈ ಪಾಠದಲ್ಲಿ ಹೇಗೆ ತಪ್ತಾರೆ ಸಾರ್ ಅಂತ ಅವಳೇ ಕೇಳಿದ್ಲು. ನಾನು ಉಬ್ಬಿಹೋಗಿ ಒಂದು ಗಂಟೆ ಕುಣಿದೆ. ನಿನ್ನೆ ಬೆಳಿಗ್ಗೆಯೇ ನನಗೆ ಗೊತ್ತಾಗಿತ್ತು. ಹೇಳದೆ ಸುಮ್ಮನಿದ್ದೆ."

ಶಿಷ್ಯೆ ವಾದ ಮಾಡಲಿಲ್ಲ. ತನ್ನ ಚೀಲದಿಂದ ಹನ್ನೊಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. "ಹರಿದು ಹಾಕೋಕೆ ಕೈ ಬರಲಿಲ್ಲ ಮೇಡಂ. ಮೂರು ವರ್ಷ ನನ್ನ ಹತ್ರ ಓದದ ಮಕ್ಕಳು ಐದು ತಿಂಗಳಲ್ಲಿ ಓದಿದ್ರೆ, ನೀನೇನು ಮಾಡ್ತಿದ್ದೆ ಅಂತ ಎಲ್ಲರೂ ಕೇಳಲ್ವಾ?" ಆಮೇಲೆ ನನ್ನ ಕಡೆ ತಿರುಗಿ ಅತ್ತಳು. "ನೀವು ಕಲಿಸಿದ ಹಾಗೇ ಕಲಿಸಿದೆ ಸಾರ್. ಒಂದು ದಿನಾನೂ ತಪ್ಪಿಸಲಿಲ್ಲ."

ಅವಳನ್ನು ಕಳ್ಳಿ ಎನ್ನುವ ಯೋಗ್ಯತೆ ನನಗಿರಲಿಲ್ಲ.

ದೊಡ್ಡ ಮೇಡಂ ನಿಜವಾದ ಹಾಳೆಗಳನ್ನು ಒಂದೊಂದಾಗಿ ತಿರುವಿದರು. "ಇದನ್ನಾದ್ರೂ ಹೇಗೆ ನಂಬಲಿ?" ಎಂದರು. ಆದರೆ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಅವಳು ಯಾವತ್ತೂ ನೋಡದ್ದನ್ನ ಓದಿಸಿ," ಎಂದಳು ಅಕ್ಕ.

ದೊಡ್ಡ ಮೇಡಂ ತಮ್ಮ ಮೇಜಿನ ಮೇಲಿದ್ದ, ಆಗತಾನೇ ಟೈಪಾಗಿ ಬಂದ ಸೂಚನೆಯನ್ನು ಹುಡುಗಿಯ ಕೈಗೆ ಕೊಟ್ಟರು. ಓದಿನ ತರಗತಿಯನ್ನು ನಾಳೆಯಿಂದ ನಿಲ್ಲಿಸಲಾಗಿದೆ ಎಂಬ ಸೂಚನೆ ಅದು. ಅವರ ಹತ್ತಿರ ಬೇರೆ ಹೊಸ ಹಾಳೆ ಇರಲಿಲ್ಲ.

ಹುಡುಗಿ ಬೆರಳಿಟ್ಟು ಶುರು ಮಾಡಿದಳು. "ಓದಿನ... ತರಗತಿಯನ್ನು... ನಾಳೆಯಿಂದ..." 'ನಿಲ್ಲಿಸಲಾಗಿದೆ' ಎಂಬಲ್ಲಿ ನಿಂತುಬಿಟ್ಟಳು. ಬಡಗಿಯ ಕೈ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. ಮೂವತ್ತೊಂದು ವರ್ಷದ ಅಭ್ಯಾಸ ನೋಡಿ, ಪದ ಹೇಳಿಕೊಡಲು ನನ್ನ ಬಾಯಿ ತೆರೆಯಿತು. ಓದಿನ ಟೀಚರ್ ನನ್ನ ಕಡೆ ಬೆರಳೆತ್ತಿ ತಡೆದಳು.

ಹುಡುಗಿ ಮೇಜನ್ನು ಮೆಲ್ಲಗೆ ತಟ್ಟಿದಳು. "ನಿ... ಲ್ಲಿ... ನಿಲ್ಲಿ... ಸಲಾ..." ತಡೆದಳು. ಹಿಂದಕ್ಕೆ ಹೋದಳು. "ನಿಲ್ಲಿಸಲಾಗಿದೆ." ಓದಿದ್ದರ ಅರ್ಥ ಆಮೇಲೆ ತಲೆಗೆ ಹೋಯಿತು. ಕತ್ತೆತ್ತಿ, "ನಿಲ್ಲಿಸಿದ್ರಾ ಮಿಸ್?" ಎಂದು ಕೇಳಿದಳು.

ದೊಡ್ಡ ಮೇಡಂ ಆ ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಎರಡಾಗಿ ಹರಿದರು. "ಇಲ್ಲಮ್ಮ, ನಿಲ್ಲಿಸಿಲ್ಲ," ಎಂದರು.

ನಾನು ಬಡಗಿಯ ಹತ್ತಿರ ಹೋಗಿ ಕೈ ಮುಗಿದೆ. "ನನ್ನಿಂದ ತಪ್ಪಾಯ್ತಪ್ಪ," ಎಂದೆ.

ಆತ ಕೋಪ ಮಾಡಿಕೊಳ್ಳಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. "ನೋಡಿದ್ರಾ ಸಾರ್," ಎಂದ ಮಗಳ ಕಡೆ ನೋಡುತ್ತಾ. "ಸ್ವಲ್ಪ ಹೊತ್ತು ಕಾದ್ರು, ಅಷ್ಟೇ."

ಹುಡುಗಿ ಆ ಪದದ ಮುಂದೆ ನಿಂತಿದ್ದಾಗ ಗೋಡೆಯ ಗಡಿಯಾರ ನನ್ನ ಕಣ್ಣೆದುರಿಗೇ ಇತ್ತು. ಹದಿನಾಲ್ಕು ಸೆಕೆಂಡು. ಯಾವ ಮಗುವಿಗೂ ನಾನು ಅಷ್ಟು ಹೊತ್ತು ಕಾದವನಲ್ಲ.